ಅನುಮಾನ ಪಡುವವನೋ, ಅನುಮಾನ ಹುಟ್ಟಿಸುವವನೋ? ಸ್ಪ್ಯಾನಿಷಿನ ಅಪನಂಬಿಕೆಯ ಪದಗಳು

ಬೆಂಗಳೂರಿನ ಕಚೇರಿಯಲ್ಲಿ ಕೂತು ಮೆಕ್ಸಿಕೊ, ಕೊಲಂಬಿಯಾಗಳ ಗ್ರಾಹಕರ ಕರೆ ಸ್ವೀಕರಿಸುವ ಕೆಲಸ ಈಗ ಅಪರೂಪವಲ್ಲ. ಕರೆ ಮುಗಿದ ಮೇಲೆ ಟಿಪ್ಪಣಿ ಬರೆಯಬೇಕು. ಗ್ರಾಹಕ ತನ್ನ ವಿಳಾಸ ಹೇಳಲು ಹಿಂದೇಟು ಹಾಕಿದ, ನಮ್ಮನ್ನು ನಂಬಲಿಲ್ಲ ಎಂದು ದಾಖಲಿಸಬೇಕು ಅನ್ನಿ. ಇಂಗ್ಲಿಷಿನ 'ಸಸ್ಪಿಷಿಯಸ್' ಪದವನ್ನು ತಲೆಯಲ್ಲಿಟ್ಟುಕೊಂಡು ನಿಘಂಟು ತೆರೆದವರು ಮೊದಲು ಕಂಡದ್ದನ್ನೇ ಎತ್ತಿಕೊಂಡು 'ಕ್ಲಿಯೆಂತೆ ಸೊಸ್ಪೆಚೊಸೊ' ಎಂದು ಬರೆದುಬಿಡುತ್ತಾರೆ. ಅದನ್ನು ಓದಿದ ಸ್ಪ್ಯಾನಿಷ್ ಭಾಷಿಕರಿಗೆ ತಿಳಿಯುವುದೇ ಬೇರೆ: ಈ ಗ್ರಾಹಕನೇ ವಂಚಕನಿರಬಹುದು, ಇವನ ಖಾತೆಯ ಮೇಲೆ ಒಂದು ಕಣ್ಣಿಡಿ. ಹೆದರಿಕೊಂಡಿದ್ದ ಅಮಾಯಕ ಒಂದೇ ಪದದಲ್ಲಿ ಆರೋಪಿಯಾದ.

ಅಲ್ಲಿ ಬೇಕಿದ್ದದ್ದು 'ದೆಸ್ಕೊನ್‌ಫಿಯಾದೊ'. ಈ ಎರಡರ ನಡುವಿನ ಅಂತರ ಇಂಗ್ಲಿಷ್ ಮೂಲಕ ಹೋದರೆ ಕಾಣುವುದಿಲ್ಲ, ಕನ್ನಡದಿಂದ ನೇರವಾಗಿ ಹೋದರೆ ಥಟ್ಟನೆ ಕಾಣುತ್ತದೆ. 'ಅನುಮಾನಾಸ್ಪದ ವ್ಯಕ್ತಿ' ಎಂದರೆ ಒಬ್ಬ, 'ಅನುಮಾನದ ಪ್ರಾಣಿ' ಎಂದರೆ ಇನ್ನೊಬ್ಬ ಎಂಬುದು ಪತ್ರಿಕೆ ಓದುವ ಯಾವ ಕನ್ನಡಿಗರಿಗೂ ಗೊತ್ತು. ಸ್ಪ್ಯಾನಿಷ್ ಕೂಡ ಅದೇ ಗೆರೆಯನ್ನು ಎಳೆಯುತ್ತದೆ. 20 ದೇಶಗಳ ಅಧಿಕೃತ ಭಾಷೆಯಾದ ಇದನ್ನು ಕಲಿಯುವ ಕನ್ನಡಿಗರು, ಕಡೇಪಕ್ಷ ಈ ಪದಗಳ ವಿಷಯದಲ್ಲಿ, ಇಂಗ್ಲಿಷನ್ನು ಪಕ್ಕಕ್ಕಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಇಲ್ಲಿ ಲ್ಯಾಟಿನ್ ಅಮೆರಿಕದ ಉಚ್ಚಾರಣೆಯನ್ನು ಅನುಸರಿಸಿದೆ. ಸ್ಪೇನಿನ ಬಹುಭಾಗದಲ್ಲಿ 'ರೆಸೆಲೊ', 'ದೆಸ್ಕೊನ್‌ಫಿಯಾನ್ಸಾ' ಪದಗಳ ಒಳಗಿನ 'ಸೆ', 'ಸಾ'ಗಳನ್ನು ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ನುಡಿಯುತ್ತಾರೆ. ತ, ದ ಮಾತ್ರ ನಮ್ಮ ತ, ದಗಳೇ. ಟ, ಡ ಆಗಬಾರದು.

ದಿಕ್ಕು ಮೊದಲು, ಅರ್ಥ ಆಮೇಲೆ

ಅಪನಂಬಿಕೆಯ ಯಾವುದೇ ವಿಶೇಷಣ ಎದುರಾದಾಗ ಮೊದಲು ಕೇಳಬೇಕಾದ ಪ್ರಶ್ನೆ: ಅನುಮಾನ ಇವನ ಒಳಗಿದೆಯೋ, ಇವನ ಮೇಲಿದೆಯೋ?

ದೆಸ್ಕೊನ್‌ಫಿಯಾದೊ, ರೆಸೆಲೊಸೊ, ಸುಸ್ಪಿಕಾಸ್, ಎಸೆಪ್ತಿಕೊ, ಇನ್‌ಕ್ರೆದುಲೊ, ಈ ಐದೂ ಅನುಮಾನವನ್ನು ಒಳಗಿಟ್ಟುಕೊಂಡವರನ್ನು ಹೇಳುತ್ತವೆ. ಸೊಸ್ಪೆಚೊಸೊ ಒಂದೇ ಎದುರು ದಿಕ್ಕಿನದು. ಅನುಮಾನ ಹುಟ್ಟಿಸುವ ವ್ಯಕ್ತಿ, ವಸ್ತು, ನಡತೆ, ಕಾಗದಪತ್ರ ಎಲ್ಲಕ್ಕೂ ಅದು ಸಲ್ಲುತ್ತದೆ. ನಾಮಪದವಾಗಿ ನಿಂತರೆ 'ಶಂಕಿತ' ಎಂದೇ ಅರ್ಥ. ಪೊಲೀಸ್ ವರದಿಯಲ್ಲಿ 'ಎಲ್ ಸೊಸ್ಪೆಚೊಸೊ' ಎಂದರೆ ಶಂಕಿತ ಆರೋಪಿ. ಆರೋಗ್ಯ ಇಲಾಖೆಯ ಪ್ರಕಟಣೆಯಲ್ಲಿ 'ಕಾಸೊ ಸೊಸ್ಪೆಚೊಸೊ' ಎಂದರೆ ಶಂಕಿತ ಪ್ರಕರಣ. ಹಣಕಾಸಿನ ಕ್ಷೇತ್ರದಲ್ಲಂತೂ ಇದು ಕಾನೂನಿನ ಪದ: ಅರ್ಜೆಂಟೀನಾ, ಚಿಲಿ, ಪೆರು, ಕೊಲಂಬಿಯಾಗಳಲ್ಲಿ ಅಕ್ರಮ ಹಣದ ವಹಿವಾಟಿನ ಶಂಕೆ ಬಂದಾಗ ಬ್ಯಾಂಕುಗಳು ಸಲ್ಲಿಸುವ ವರದಿಯ ಹೆಸರೇ 'ರೆಪೊರ್ತೆ ದೆ ಒಪೆರಾಸಿಯೊನೆಸ್ ಸೊಸ್ಪೆಚೊಸಾಸ್', ಅಂದರೆ ಶಂಕಾಸ್ಪದ ವಹಿವಾಟುಗಳ ವರದಿ. ಮೇಲಿನ ಟಿಪ್ಪಣಿಯ ತಪ್ಪು ಎಷ್ಟು ದೂರ ಹೋಗಬಲ್ಲದು ಎಂಬುದು ಇದರಿಂದ ಗೊತ್ತಾಗುತ್ತದೆ.

ಗೊಂದಲಕ್ಕೆ ಅರ್ಧ ಕಾರಣ 'ಒಸೊ' ಎಂಬ ಪ್ರತ್ಯಯ. 'ತುಂಬಿದ' ಎಂಬುದು ಅದರ ಮೂಲ ಅರ್ಥ. ಆದರೆ ಯಾರಲ್ಲಿ ತುಂಬಿದೆ ಎಂದು ಅದು ಹೇಳುವುದಿಲ್ಲ. ರೆಸೆಲೊಸೊ ಅಳುಕನ್ನು ಅನುಭವಿಸುವವನು, ಸೊಸ್ಪೆಚೊಸೊ ಅನುಮಾನ ಹುಟ್ಟಿಸುವವನು. ಒಂದೇ ಬಾಲ, ಎರಡು ದಿಕ್ಕು. ಇನ್ನು 'ದುದೊಸೊ' ಎರಡೂ ಕಡೆ ಸಲ್ಲುತ್ತದೆ: 'ಎಸ್ತೊಯ್ ದುದೊಸೊ' ಎಂದರೆ ನಾನು ಸಂದೇಹದಲ್ಲಿದ್ದೇನೆ, 'ದುದೊಸಾ ರೆಪುತಾಸಿಯೊನ್' ಎಂದರೆ ಸಂದೇಹಕ್ಕೆಡೆಯಾದ ಹೆಸರು. ಇದೇ ಬಗೆಯ 'ಬೆರ್ಗೊನ್ಸೊಸೊ' ಎಂಬ ಪದವನ್ನು ಗಮನಿಸಿ. ಹುಡುಗನಿಗೆ ಹೇಳಿದರೆ ನಾಚಿಕೆ ಸ್ವಭಾವದವನು, ಕೆಲಸಕ್ಕೆ ಹೇಳಿದರೆ ನಾಚಿಕೆಗೇಡಿನದು. ಹೀಗಾಗಿ 'ಒಸೊ' ಪದಗಳ ದಿಕ್ಕನ್ನು ನಿಯಮದಿಂದ ಊಹಿಸುವಂತಿಲ್ಲ. ಒಂದೊಂದನ್ನೂ ಅದರ ವಾಕ್ಯದ ಜೊತೆಗೇ ಕಲಿಯಬೇಕು.

ದೆಸ್ಕೊನ್‌ಫಿಯಾನ್ಸಾ: ನಂಬಿಕೆ ಇಲ್ಲದಿರುವುದು

ಗುಂಪಿನಲ್ಲಿ ಅತಿ ವಿಶಾಲವಾದ ನಾಮಪದ ಇದೇ. 'ಕೊನ್‌ಫಿಯಾನ್ಸಾ' ಎಂದರೆ ನಂಬಿಕೆ, 'ದೆಸ್' ಅದರ ನಿಷೇಧ. ಅಪ-ನಂಬಿಕೆ ಎಂದು ಬಿಡಿಸಿದಷ್ಟೇ ಸರಳ. ಬೇರು ಲ್ಯಾಟಿನ್ನಿನ 'ಫಿದೆಸ್', ನಿಷ್ಠೆ. ಅದೇ ಬೇರಿನಿಂದ ಬಂದ 'ಫಿಯಾರ್' ಎಂಬ ಕ್ರಿಯಾಪದಕ್ಕೆ ಸಾಲ ಕೊಡುವುದು ಎಂಬ ಅರ್ಥವೂ ಇದೆ. ಸ್ಪ್ಯಾನಿಷ್ ನಾಡುಗಳ ಸಣ್ಣ ಅಂಗಡಿಗಳಲ್ಲಿ 'ಓಯ್ ನೊ ಸೆ ಫೀಯಾ, ಮಾನ್ಯಾನಾ ಸಿ' ಎಂಬ ಫಲಕ ತೂಗಿರುತ್ತದೆ: ಇವತ್ತು ಸಾಲ ಇಲ್ಲ, ನಾಳೆ ಉಂಟು. ನಮ್ಮ ಕಿರಾಣಿ ಅಂಗಡಿಯ 'ಇಂದು ನಗದು, ನಾಳೆ ಉದ್ರಿ'ಯ ತದ್ರೂಪು! ನಂಬಿಕೆ ಮತ್ತು ಉದ್ರಿ ಒಂದೇ ಬೇರಿನವು ಎಂದು ನೆನಪಿಟ್ಟರೆ ಈ ಕುಟುಂಬದ ಪದಗಳು ಮರೆಯುವುದಿಲ್ಲ. 'ನೊ ಎಸ್ ದೆ ಫಿಯಾರ್' ಎಂದರೆ ಅವನು ನಂಬಿಕಸ್ಥನಲ್ಲ.

ವಿಶೇಷಣ 'ದೆಸ್ಕೊನ್‌ಫಿಯಾದೊ'ದಲ್ಲಿ ಒಂದು ತೊಡಕಿದೆ. 'ಆದೊ' ಎಂದು ಕೊನೆಯಾಗುವ ರೂಪ ಸಾಮಾನ್ಯವಾಗಿ ಕರ್ಮಣಿ ಅರ್ಥ ಕೊಡುತ್ತದೆ: 'ಸೆರ್ರಾದೊ' ಎಂದರೆ ಮುಚ್ಚಲ್ಪಟ್ಟ. ಅದೇ ಲೆಕ್ಕದಲ್ಲಿ ದೆಸ್ಕೊನ್‌ಫಿಯಾದೊ ಎಂದರೆ 'ಯಾರೂ ನಂಬದವನು' ಎಂದಾಗಬೇಕಿತ್ತು. ಆದರೆ ಅದು 'ಯಾರನ್ನೂ ನಂಬದವನು'. ಸ್ಪ್ಯಾನಿಷಿನಲ್ಲಿ ಹೀಗೆ ರೂಪ ಕರ್ಮಣಿಯಾಗಿದ್ದು ಅರ್ಥ ಕರ್ತರಿಯಾಗಿರುವ ಪದಗಳ ಒಂದು ಸಣ್ಣ ಗುಂಪೇ ಇದೆ: 'ಲೆಯೀದೊ' ಎಂದರೆ ಓದಿಕೊಂಡವನು, 'ಆಗ್ರಾದೆಸೀದೊ' ಎಂದರೆ ಕೃತಜ್ಞ, 'ಮಾಲ್ಪೆನ್ಸಾದೊ' ಎಂದರೆ ಯಾವುದಕ್ಕೂ ಕೆಟ್ಟದ್ದನ್ನೇ ಯೋಚಿಸುವವನು.

ಕನ್ನಡಿಗರಿಗೆ ಇದು ವಿಚಿತ್ರವೆನಿಸಬೇಕಿಲ್ಲ. 'ಓದಿದ ಹುಡುಗ', 'ಓದಿದ ಪುಸ್ತಕ' ಎರಡನ್ನೂ ನಾವು ಒಂದೇ 'ಓದಿದ'ದಿಂದ ಹೇಳುತ್ತೇವೆ. 'ನಂಬಿದ ಮನುಷ್ಯ' ಎಂದರೆ ನಂಬಿದವನೋ, ನಂಬಿಸಿಕೊಂಡವನೋ ಎಂಬುದು ಸಂದರ್ಭದಿಂದಲೇ ತಿಳಿಯಬೇಕು. ಸ್ಪ್ಯಾನಿಷ್ ಈ ಕೆಲವು ಪದಗಳಲ್ಲಿ ಮಾತ್ರ ಅರ್ಥವನ್ನು ಒಂದು ಕಡೆಗೆ ಗಟ್ಟಿ ಮಾಡಿಕೊಂಡಿದೆ, ಅಷ್ಟೆ. ಇದರ ವಿರುದ್ಧ ಪದ 'ಕೊನ್‌ಫಿಯಾದೊ'. ಸುಲಭವಾಗಿ ನಂಬಿಬಿಡುವವನು, ಕೆಲವೊಮ್ಮೆ ಅತಿ ಆತ್ಮವಿಶ್ವಾಸದವನು.

ಸೊಸ್ಪೆಚಾ: 'ಏನಂತ?' ಎಂದು ಕೇಳಿದರೆ ಉತ್ತರವಿರುವ ಅನುಮಾನ

ದೆಸ್ಕೊನ್‌ಫಿಯಾನ್ಸಾಕ್ಕೂ ಸೊಸ್ಪೆಚಾಕ್ಕೂ ಇರುವ ವ್ಯತ್ಯಾಸವನ್ನು ಒಂದು ಪ್ರಶ್ನೆಯಿಂದ ಪರೀಕ್ಷಿಸಬಹುದು. 'ಏನಂತ ಅನುಮಾನ?' ಎಂದು ಕೇಳಿ ನೋಡಿ. 'ಅವನೇ ಕೀಲಿ ತೆಗೆದಿದ್ದಾನೆ ಅಂತ' ಎಂಬ ನಿರ್ದಿಷ್ಟ ಉತ್ತರ ಬಂದರೆ ಅದು ಸೊಸ್ಪೆಚಾ. 'ಏನೋ ಗೊತ್ತಿಲ್ಲ, ಅವನನ್ನು ನಂಬೋಕಾಗಲ್ಲ' ಎಂದರೆ ದೆಸ್ಕೊನ್‌ಫಿಯಾನ್ಸಾ. ಸೊಸ್ಪೆಚಾ ಒಂದು ಊಹೆ, ಆದ್ದರಿಂದ ಅದು ನಿಜವಾಗಬಹುದು, ಸುಳ್ಳಾಗಬಹುದು, ಎಣಿಸಲೂಬಹುದು. 'ಸೆ ಕೊನ್‌ಫಿರ್ಮಾರೊನ್ ಲಾಸ್ ಸೊಸ್ಪೆಚಾಸ್', ಅನುಮಾನಗಳು ನಿಜವಾದವು, ಎನ್ನುತ್ತಾರೆ. ದೆಸ್ಕೊನ್‌ಫಿಯಾನ್ಸಾ ಒಂದು ಮನಃಸ್ಥಿತಿ. ಅದನ್ನು ಹುಟ್ಟಿಸಬಹುದು, ಹೋಗಲಾಡಿಸಬಹುದು, ಆದರೆ ಸಾಬೀತು ಮಾಡಲಾಗದು. ಸಾಧಾರಣವಾಗಿ ಏಕವಚನದಲ್ಲೇ ಉಳಿಯುತ್ತದೆ.

ಇಲ್ಲಿಯವರೆಗೆ ಕನ್ನಡ ನಮ್ಮ ಕೈ ಹಿಡಿಯಿತು. ಈಗ ಕನ್ನಡವೇ ಕಾಲಿಗೆ ತೊಡರುವ ಜಾಗ. ನಮ್ಮ 'ಅನುಮಾನ' ಎರಡು ವಿರುದ್ಧ ಕಡೆಗೆ ವಾಲುತ್ತದೆ. 'ಅವನು ಬರ್ತಾನೆ ಅಂತ ನನಗೆ ಅನುಮಾನ' ಎಂದಾಗ ಬರುವ ಸಂಭವವೇ ಹೆಚ್ಚು. 'ಅವನು ಬರೋದು ಅನುಮಾನ' ಎಂದಾಗ ಬಾರದಿರುವ ಸಂಭವವೇ ಹೆಚ್ಚು. ಸ್ಪ್ಯಾನಿಷಿನಲ್ಲಿ ಇವಕ್ಕೆ ಬೇರೆ ಬೇರೆ ಕ್ರಿಯಾಪದಗಳು. ಮೊದಲನೆಯದಕ್ಕೆ ಸೊಸ್ಪೆಚಾರ್: 'ಸೊಸ್ಪೆಚೊ ಕೆ ಬಿಯೆನೆ'. ಎರಡನೆಯದಕ್ಕೆ ದುದಾರ್: 'ದುದೊ ಕೆ ಬೆಂಗಾ'. ಮುಂದಿನ ಕ್ರಿಯಾಪದದ ರೂಪವೂ ಬದಲಾಗಿದ್ದನ್ನು ನೋಡಿ. ಸೊಸ್ಪೆಚಾರ್ ನಂತರ ನಿಶ್ಚಯಾರ್ಥದ 'ಬಿಯೆನೆ', ಏಕೆಂದರೆ ಮಾತಾಡುವವನು ಅದನ್ನು ಬಹುತೇಕ ನಡೆದೇ ನಡೆಯುವುದೆಂದು ಎಣಿಸಿದ್ದಾನೆ. ದುದಾರ್ ನಂತರ ಸಂಭಾವನಾರ್ಥದ 'ಬೆಂಗಾ', ಏಕೆಂದರೆ ಅವನು ಅದನ್ನು ಒಪ್ಪುತ್ತಿಲ್ಲ. ಆದ್ದರಿಂದ ತಲೆಯಲ್ಲಿ ಬಂದ ಕನ್ನಡ ವಾಕ್ಯದಲ್ಲಿ 'ಅಂತ ಅನುಮಾನ' ಇದೆಯೋ, 'ಬರೋದು, ಆಗೋದು, ಸಿಗೋದು ಅನುಮಾನ' ಇದೆಯೋ ಎಂದು ಮೊದಲು ನೋಡಿಕೊಳ್ಳಬೇಕು. ಮೊದಲನೆಯದಕ್ಕೆ ಸೊಸ್ಪೆಚಾರ್, ಎರಡನೆಯದಕ್ಕೆ ದುದಾರ್. ತಿರುವುಮುರುವಾದರೆ ಹೇಳಬೇಕಾದ್ದಕ್ಕೆ ತದ್ವಿರುದ್ಧ ಅರ್ಥ ಬರುತ್ತದೆ.

ಸುಸ್ಪಿಕಾಸಿಯಾ: ತತ್ಸಮ ಮತ್ತು ತದ್ಭವ

ಸೊಸ್ಪೆಚಾ, ಸುಸ್ಪಿಕಾಸಿಯಾ ಎರಡೂ ಲ್ಯಾಟಿನ್ನಿನ ಒಂದೇ ಧಾತುವಿನವು. 'ಸುಬ್' ಎಂದರೆ ಕೆಳಗೆ, 'ಸ್ಪೆಕೆರೆ' ಎಂದರೆ ನೋಡು. ಕೆಳಗಿನಿಂದ ಕಣ್ಣೆತ್ತಿ, ಓರೆಯಾಗಿ ನೋಡುವುದು. ಒಂದೇ ಮೂಲದಿಂದ ಎರಡು ಪದಗಳು ಏಕೆ ಎಂಬುದಕ್ಕೆ ಕನ್ನಡ ವ್ಯಾಕರಣ ಕಲಿತವರಿಗೆ ಉದ್ದದ ವಿವರಣೆ ಬೇಡ. ಸೊಸ್ಪೆಚಾ ತದ್ಭವ, ಸುಸ್ಪಿಕಾಸಿಯಾ ತತ್ಸಮ. ಮೊದಲನೆಯದು ಶತಮಾನಗಳ ಕಾಲ ಜನರ ಬಾಯಲ್ಲಿ ಸವೆದು ಬಂದದ್ದು. ಲ್ಯಾಟಿನ್ನಿನ 'ಕ್ತ' ಸ್ಪ್ಯಾನಿಷಿನಲ್ಲಿ 'ಚ' ಆಗುವುದು ಈ ಸವೆತದ ಗುರುತು: ರಾತ್ರಿ ಎಂಬರ್ಥದ 'ನೊಕ್ತೆ' ಎಂಬುದು 'ನೊಚೆ' ಆಯಿತು, ಹಾಲು ಎಂಬರ್ಥದ 'ಲಾಕ್ತೆ' ಎಂಬುದು 'ಲೆಚೆ' ಆಯಿತು, 'ಸುಸ್ಪೆಕ್ತಾರೆ' ಎಂಬುದು 'ಸೊಸ್ಪೆಚಾರ್' ಆಯಿತು. ಸುಸ್ಪಿಕಾಸಿಯಾ ಮಾತ್ರ ವಿದ್ವಾಂಸರು ಪುಸ್ತಕದಿಂದ ನೇರವಾಗಿ ಎತ್ತಿಕೊಂಡದ್ದು, ಹಾಗಾಗಿ ಸವೆತವಿಲ್ಲ.

ನಮ್ಮಲ್ಲಿ ಯಾತ್ರೆ, ಜಾತ್ರೆ ಎರಡೂ ಉಳಿದು ಬೇರೆ ಬೇರೆ ಅರ್ಥ ಪಡೆದ ಹಾಗೆಯೇ ಇಲ್ಲೂ ಆಗಿದೆ. ಸೊಸ್ಪೆಚಾ ಒಂದು ನಿರ್ದಿಷ್ಟ ಅನುಮಾನ. ಸುಸ್ಪಿಕಾಸಿಯಾ ಎಂದರೆ ಅನುಮಾನ ಪಡುವ ಸ್ವಭಾವ, ಇಲ್ಲದ ಕಡೆ ಹುಳುಕು ಹುಡುಕುವ ಚಾಳಿ. ಅದರ ವಿಶೇಷಣ ಸುಸ್ಪಿಕಾಸ್. ಕೊನೆಯ 'ಆಸ್' ಲ್ಯಾಟಿನ್ನಿನಿಂದ ಬಂದ, ಒಲವನ್ನು ಹೇಳುವ ಪ್ರತ್ಯಯ. ನಮ್ಮ ಬಾಕ, ಬುರುಕಗಳ ಹಾಗೆ: 'ಬೊರಾಸ್' ಎಂದರೆ ಹೊಟ್ಟೆಬಾಕ. ಸುಸ್ಪಿಕಾಸ್ ಎಂದರೆ ನಾವು ಹೇಳುವ ಸಂಶಯ ಪಿಶಾಚಿ. ಬೈಗುಳವಲ್ಲದಿದ್ದರೂ ಮೆಚ್ಚುಗೆಯಂತೂ ಅಲ್ಲ. ದೆಸ್ಕೊನ್‌ಫಿಯಾದೊ ಎಂದರೆ ಎದುರಿನವನಿಗೆ ನೋವಾಗದಿರಬಹುದು, ಸುಸ್ಪಿಕಾಸ್ ಎಂದರೆ 'ನಿನ್ನ ಅನುಮಾನಕ್ಕೆ ಆಧಾರವಿಲ್ಲ' ಎಂಬ ಟೀಕೆ ಅದರಲ್ಲೇ ಅಡಗಿರುತ್ತದೆ.

ಪತ್ರಿಕೆಗಳಲ್ಲಿ ಬಹುವಚನ ರೂಪ ಹೆಚ್ಚು ಕಾಣುತ್ತದೆ. 'ಲೆಬಾನ್ತಾರ್ ಸುಸ್ಪಿಕಾಸಿಯಾಸ್' ಎಂದರೆ ಒಂದು ನೇಮಕಾತಿ, ಒಂದು ಗುತ್ತಿಗೆ ಗುಸುಗುಸು ಎಬ್ಬಿಸಿತು ಎಂದು. ವಿಶೇಷಣ ಪುಲ್ಲಿಂಗ, ಸ್ತ್ರೀಲಿಂಗ ಎರಡಕ್ಕೂ ಸುಸ್ಪಿಕಾಸ್ ಎಂದೇ ಇರುತ್ತದೆ. ಬಹುವಚನ ಸುಸ್ಪಿಕಾಸೆಸ್. ಬರೆಯುವಾಗ ಕೊನೆಯ ಅಕ್ಷರ ಬದಲಾಗುತ್ತದೆ, ಅಲ್ಲಿ ಕಾಗುಣಿತ ತಪ್ಪುವವರು ಬಹಳ.

ರೆಸೆಲೊ: ಸುಟ್ಟುಕೊಂಡ ಬೆಕ್ಕಿನ ಅನುಮಾನ

ರೆಸೆಲೊದಲ್ಲಿ ಅಪನಂಬಿಕೆಯ ಜೊತೆ ಭಯ ಬೆರೆತಿರುತ್ತದೆ. 'ಅಳುಕು' ಇದಕ್ಕೆ ಹತ್ತಿರದ ಕನ್ನಡ. ಸ್ಪ್ಯಾನಿಷಿನಲ್ಲಿ ಒಂದು ಗಾದೆಯಿದೆ: 'ಗಾತೊ ಎಸ್ಕಾಲ್ದಾದೊ ದೆಲ್ ಆಗ್ವಾ ಫ್ರೀಯಾ ಊಯೆ', ಸುಟ್ಟುಕೊಂಡ ಬೆಕ್ಕು ತಣ್ಣೀರಿಗೂ ಓಡಿಹೋಗುತ್ತದೆ. ಬಿಸಿ ಹಾಲಿಗೆ ಬಾಯಿಟ್ಟು, ಮುಂದೆ ಹಾಲು ಕಂಡರೇ ಓಡುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕು ನಮಗೆ ಗೊತ್ತೇ ಇದೆ. ಆ ಬೆಕ್ಕು ಹಾಲಿನ ಬಟ್ಟಲನ್ನು ನೋಡುವ ನೋಟವೇ ರೆಸೆಲೊ. ಅದು ತರ್ಕವಲ್ಲ, ಆರೋಪವಲ್ಲ, ಹಿಂದಕ್ಕೆ ಸರಿಯುವ ದೇಹ.

ಅದಕ್ಕೇ ಈ ಪದ ನೋಟ, ನಡಿಗೆ, ದನಿಗಳ ಜೊತೆ ಚೆನ್ನಾಗಿ ಹೊಂದುತ್ತದೆ: 'ಲೊ ಮಿರೊ ಕೊನ್ ರೆಸೆಲೊ', ಅವನನ್ನು ಅಳುಕಿನಿಂದ ನೋಡಿದಳು. ಬೀದಿನಾಯಿ, ಕಾಡುಪ್ರಾಣಿಗಳಿಗೂ ರೆಸೆಲೊಸೊ ಸಲ್ಲುತ್ತದೆ. ಗುಂಪಿನ ಉಳಿದ ನಾಮಪದಗಳಲ್ಲಿ ಬಹುಪಾಲು ಸ್ತ್ರೀಲಿಂಗವಾದರೆ ಇದು ಪುಲ್ಲಿಂಗ: ಲಾ ದೆಸ್ಕೊನ್‌ಫಿಯಾನ್ಸಾ, ಲಾ ಸೊಸ್ಪೆಚಾ, ಆದರೆ ಎಲ್ ರೆಸೆಲೊ. ರೆಸೆಲೊಸೊವನ್ನು 'ಸೆಲೊಸೊ'ದ ಜೊತೆ ಕಲಸಬೇಡಿ. ಸೆಲೊಸೊ ಎಂದರೆ ಮತ್ಸರ ಪಡುವವನು. ಗಂಡ ಹೆಂಡತಿಯರ ವಿಷಯದಲ್ಲಿ ಎರಡನ್ನು ಅದಲುಬದಲು ಮಾಡಿದರೆ ಕಥೆಯೇ ಬದಲಾಗುತ್ತದೆ.

ಎಸೆಪ್ತಿಕೊ, ಇನ್‌ಕ್ರೆದುಲೊ: ಮನುಷ್ಯನ ಮೇಲಲ್ಲ, ಮಾತಿನ ಮೇಲೆ

ಇವೆರಡರಲ್ಲಿ ಅಪನಂಬಿಕೆ ಇರುವುದು ಒಂದು ಹೇಳಿಕೆಯ ಮೇಲೆ. ಹೇಳಿದವರು ಪ್ರಾಮಾಣಿಕರೆಂದು ಒಪ್ಪಿಕೊಂಡೇ ಅವರ ಮಾತಿಗೆ ಎಸೆಪ್ತಿಕೊ ಆಗಿರಬಹುದು. ಮೂಲ ಗ್ರೀಕ್ ಪದಕ್ಕೆ ಪರಿಶೀಲಿಸಿ ನೋಡುವವನು ಎಂದರ್ಥ. 'ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು' ಎಂಬ ನಮ್ಮ ಗಾದೆ ಎಸೆಪ್ತಿಕೊನ ಧ್ಯೇಯವಾಕ್ಯವಾಗಬಲ್ಲದು. ನಾಮಪದ ಎಸೆಪ್ತಿಸಿಸ್ಮೊ, ಪುಲ್ಲಿಂಗ. ಪದದ ಆರಂಭದ 'ಎ' ಸ್ಪ್ಯಾನಿಷ್ ತಾನೇ ಸೇರಿಸಿಕೊಂಡದ್ದು, ನಮ್ಮ ಹಳ್ಳಿಗಳಲ್ಲಿ ಸ್ಕೂಲು 'ಇಸ್ಕೂಲು' ಆದ ಹಾಗೆ. ಅಲ್ಲೂ ಶಾಲೆ 'ಎಸ್ಕ್ವೆಲಾ'ನೇ.

ಇನ್‌ಕ್ರೆದುಲೊ ಆ ಗಳಿಗೆಯ ಪ್ರತಿಕ್ರಿಯೆ. ಕೇಳಿದ್ದನ್ನು, ಕೆಲವೊಮ್ಮೆ ಕಂಡದ್ದನ್ನೂ, ಒಪ್ಪಲಾರದೆ ಕಣ್ಣರಳಿಸುವುದು. ದೇವರನ್ನು ನಂಬದವನಿಗೂ ಈ ಪದ ಸಲ್ಲುತ್ತದೆ. ಇಲ್ಲಿಯೂ ದಿಕ್ಕು ನೋಡಿಕೊಳ್ಳಿ: ನಂಬಲಾರದವನು ಇನ್‌ಕ್ರೆದುಲೊ, ನಂಬಲಾಗದ ಸಂಗತಿ 'ಇನ್‌ಕ್ರೆಯೀಬ್ಲೆ'.

ಎಲ್ಲವೂ ಒಂದೇ ಕಡೆ: ಹಳೆಯ ಸ್ಕೂಟರಿನ ವ್ಯಾಪಾರ

ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಳ್ಳಲು ಹೋಗಿದ್ದೀರಿ. ಮಾರುವವನ ಪರಿಚಯವಿಲ್ಲ, ಮುಂಗಡ ಕೊಡಲು ಮನಸ್ಸಿಲ್ಲ. ಇದು ದೆಸ್ಕೊನ್‌ಫಿಯಾನ್ಸಾ. ಗಾಡಿಗೆ 8 ವರ್ಷ, ಟೈರು ಸವೆದಿದೆ, ಮೀಟರ್ ಮಾತ್ರ 9,000 ಕಿಲೋಮೀಟರ್ ತೋರಿಸುತ್ತಿದೆ. ಮೀಟರ್ ತಿರುಗಿಸಿದ್ದಾರೆ ಎಂಬ ಸೊಸ್ಪೆಚಾ ಹುಟ್ಟುತ್ತದೆ, ಮೀಟರ್ ಸೊಸ್ಪೆಚೊಸೊ ಆಗುತ್ತದೆ. ಹೋದ ಸಲ ಹೀಗೇ ಕೊಂಡ ಗಾಡಿ ತಿಂಗಳೊಳಗೆ ಕೈಕೊಟ್ಟಿತ್ತು, ಆದ್ದರಿಂದ ಕೀಲಿ ಕೈಗೆ ಕೊಟ್ಟರೂ ಹತ್ತಲು ಅಳುಕು. ಅದು ರೆಸೆಲೊ. 'ಲೀಟರಿಗೆ 60 ಕೊಡುತ್ತೆ' ಎಂದಾಗ 'ಪೆಟ್ರೋಲ್ ಹಾಕಿ ಓಡಿಸಿ ನೋಡೋಣ' ಎನ್ನುವುದು ಎಸೆಪ್ತಿಸಿಸ್ಮೊ. ಕೇಳಿದ ಬೆಲೆಯ ಕಾಲುಭಾಗಕ್ಕೆ ಕೊಡಲು ಒಪ್ಪಿದರೆ ಬಾಯಿ ತೆರೆದು ನಿಲ್ಲುವುದು ಇನ್‌ಕ್ರೆದುಲಿದಾದ್. ಅವರ ಮನೆಯವರು ಕಾಫಿ ತಂದುಕೊಟ್ಟಾಗ 'ಇದರಲ್ಲೂ ಏನೋ ಉದ್ದೇಶವಿದೆ' ಎಂದುಕೊಂಡರೆ ಅದು ಸುಸ್ಪಿಕಾಸಿಯಾ, ಜೊತೆಗೆ ಬಂದ ಸ್ನೇಹಿತ 'ನೊ ಸೆಯಾಸ್ ಮಾಲ್ಪೆನ್ಸಾದೊ', ಕೆಟ್ಟದಾಗಿ ಯೋಚಿಸಬೇಡವೋ, ಎನ್ನುತ್ತಾನೆ. ನೀವು ಸುಮ್ಮನಿರುವವರಲ್ಲದಿದ್ದರೆ ಅವನಿಗೆ ಉತ್ತರವಾಗಿ ಸ್ಪ್ಯಾನಿಷಿನದೇ ಗಾದೆಯಿದೆ: 'ಪಿಯೆನ್ಸಾ ಮಾಲ್ ಇ ಆಸೆರ್ತಾರಾಸ್', ಕೆಟ್ಟದ್ದನ್ನೇ ಯೋಚಿಸು, ಸರಿಯಾಗಿಯೇ ಊಹಿಸುತ್ತೀಯ.

ಇಷ್ಟೆಲ್ಲದರ ನಡುವೆ ಎಂಜಿನ್ ನಂಬರ್, ಆರ್‌ಸಿ ತಾಳೆ ನೋಡುವುದು ಅಪನಂಬಿಕೆಯಲ್ಲ, ಮುಂಜಾಗ್ರತೆ. ಅದಕ್ಕೆ 'ಪ್ರೆಕಾಬೀದೊ', 'ಕಾವ್ತೊ' ಎಂಬ ಬೇರೆ ವಿಶೇಷಣಗಳಿವೆ, ಅವು ಹೊಗಳಿಕೆಯೂ ಹೌದು.

'ಮೇಲೆ' ಎಂಬ ಬಲೆ

ಕನ್ನಡದಲ್ಲಿ 'ಅವನ ಮೇಲೆ ಅನುಮಾನ' ಎನ್ನುತ್ತೇವಾದ್ದರಿಂದ ಸ್ಪ್ಯಾನಿಷಿನಲ್ಲೂ ಮೇಲೆ ಎಂಬರ್ಥದ 'ಸೊಬ್ರೆ' ಹಾಕುವ ಅಭ್ಯಾಸ ಬೀಳುತ್ತದೆ. ಅದು ತಪ್ಪು. ದೆಸ್ಕೊನ್‌ಫಿಯಾರ್, ಸೊಸ್ಪೆಚಾರ್, ರೆಸೆಲಾರ್ ಮೂರೂ ವ್ಯಕ್ತಿಯ ಹೆಸರಿಗೆ ಮೊದಲು 'ದೆ' ಬೇಡುತ್ತವೆ: 'ದೆಸ್ಕೊನ್‌ಫೀಯೊ ದೆ ಎಲ್'. ವಿಚಿತ್ರವೆಂದರೆ ನಂಬುವಾಗ ಸಪ್ತಮಿ ಬರುತ್ತದೆ. ನಾವು 'ದೇವರಲ್ಲಿ ನಂಬಿಕೆ' ಎನ್ನುವಂತೆ ಅಲ್ಲಿ 'ಕೊನ್‌ಫೀಯೊ ಎನ್ ಎಲ್'. ನಂಬಿಕೆ ಹೋದೊಡನೆ 'ಎನ್' ಹೋಗಿ 'ದೆ' ಬರುತ್ತದೆ. ನಾಮಪದಕ್ಕೆ ಕಡೆಗೆ ಎಂಬರ್ಥದ 'ಆಸಿಯಾ' ಹೊಂದುತ್ತದೆ: ದೆಸ್ಕೊನ್‌ಫಿಯಾನ್ಸಾ ಆಸಿಯಾ. ಎಸೆಪ್ತಿಕೊ, ಇನ್‌ಕ್ರೆದುಲೊಗಳಿಗೆ ಎದುರು ಎಂಬರ್ಥದ 'ಆಂತೆ'. ಸೊಸ್ಪೆಚೊಸೊದ ನಂತರ 'ದೆ' ಬಂದರೆ ಅಲ್ಲಿರುವುದು ಅಪರಾಧದ ಹೆಸರು: 'ಸೊಸ್ಪೆಚೊಸೊ ದೆ ರೊಬೊ', ಕಳ್ಳತನದ ಶಂಕಿತ.

'ಆಗಿರು' ಎಂಬುದಕ್ಕೆ ಸ್ಪ್ಯಾನಿಷಿನಲ್ಲಿರುವ ಎರಡು ಕ್ರಿಯಾಪದಗಳೂ ಇಲ್ಲಿ ಕೆಲಸ ಮಾಡುತ್ತವೆ. ಹುಟ್ಟುಗುಣ ಹೇಳುವ 'ಸೆರ್' ಸಾಮಾನ್ಯವಾಗಿ ದೆಸ್ಕೊನ್‌ಫಿಯಾದೊ, ಸುಸ್ಪಿಕಾಸ್‌ಗಳ ಜೊತೆ. ಸದ್ಯದ ಸ್ಥಿತಿ ಹೇಳುವ 'ಎಸ್ತಾರ್' ರೆಸೆಲೊಸೊದ ಜೊತೆಗೂ ಸಹಜ.

ಬೀದಿಯ ಮಾತು

ನಾವು ತಲೆಗೆ ಹುಳ ಬಿಟ್ಟುಕೊಂಡರೆ ಸ್ಪ್ಯಾನಿಷರ ಕಿವಿಯ ಹಿಂದೆ ನೊಣ ಕೂರುತ್ತದೆ. 'ತೆನೆರ್ ಲಾ ಮೊಸ್ಕಾ ದೆತ್ರಾಸ್ ದೆ ಲಾ ಒರೆಹಾ' ಎಂದರೆ ಏನೋ ಸರಿಯಿಲ್ಲವೆಂಬ ಕೊರೆತ. ಅದರಿಂದಲೇ ಸ್ಪೇನಿನಲ್ಲಿ 'ಎಸ್ತಾರ್ ಮೊಸ್ಕಾ', 'ಮೊಸ್ಕೆಯಾದೊ' ಎಂಬ ಆಡುಮಾತುಗಳು. ಮೊಸ್ಕೆಯಾದೊಗೆ ಅನುಮಾನಗೊಂಡವನು ಎಂಬಂತೆಯೇ ಮುನಿಸಿಕೊಂಡವನು ಎಂಬ ಅರ್ಥವೂ ಇದೆ, ಮಾತಿನ ಧಾಟಿಯಿಂದ ತಿಳಿಯಬೇಕು. ಮೀನಿನ ಹುರುಪೆ ಎಂಬರ್ಥದ 'ಎಸ್ಕಾಮಾ'ದಿಂದ ಬಂದ 'ಎಸ್ಕಾಮಾದೊ' ಸ್ಪೇನಿನಲ್ಲಿ ಅನುಮಾನಗೊಂಡವನಾದರೆ ಮೆಕ್ಸಿಕೊದಲ್ಲಿ ಹೆದರಿದವನು. ವ್ಯವಹಾರದಲ್ಲಿ ಏನೋ ಮಸಲತ್ತಿದೆ ಅನ್ನಿಸಿದಾಗ 'ಆಕಿ ಆಯ್ ಗಾತೊ ಎನ್‌ಸೆರ್ರಾದೊ' ಎನ್ನುತ್ತಾರೆ, ಇಲ್ಲೆಲ್ಲೋ ಬೆಕ್ಕನ್ನು ಕೂಡಿಹಾಕಿದ್ದಾರೆ ಎಂದು. ಇವೆಲ್ಲ ಗೆಳೆಯರ ನಡುವಿನ ಮಾತು. ಗ್ರಾಹಕರ ಟಿಪ್ಪಣಿಯಲ್ಲಿ ದೆಸ್ಕೊನ್‌ಫಿಯಾದೊ ಎಂದೇ ಬರೆಯಬೇಕು, ಗ್ರಾಹಕಿಯಾದರೆ ದೆಸ್ಕೊನ್‌ಫಿಯಾದಾ.